ಒಣ ಹಳ್ಳದ ಸ್ಯಾಂಪಲ್

ನಮ್ಮ ಗಣಿಯ ನೀರಿನ ರಿಜಿಸ್ಟರಿನಲ್ಲಿ ಹಳ್ಳಕ್ಕೆಂದು ಎರಡು ಕಾಲಂ ಇದ್ದವು. ಪೈಪು ಹಳ್ಳ ದಾಟುವ ಜಾಗದಿಂದ ಮೇಲೆ ಒಂದು, ಕೆಳಗೆ ಒಂದು. ಪ್ರತಿ ಶನಿವಾರ ಎರಡೂ ಕಡೆ ಬಾಟಲಿಯಲ್ಲಿ ನೀರು ಹಿಡಿದು, ಪರೀಕ್ಷೆ ಮಾಡಿ, ಬಂದದ್ದನ್ನು ಬರೆಯಬೇಕು. ಸೆಟ್ಟೂರು ಕಡೆಯ ಹಳ್ಳ ಅದು. ವರ್ಷಕ್ಕೆ ಹತ್ತು ಹದಿನೈದು ದಿನ ಹರಿದರೆ ದೊಡ್ಡದು. ಉಳಿದ ದಿನವೆಲ್ಲ ಬರೀ ಮರಳು. 'ಹಳ್ಳ ಒಣಗಿದೆ, ಸ್ಯಾಂಪಲ್ ಇಲ್ಲ' ಎಂದು ವಾರವಾರವೂ ಎರಡೆರಡು ಸಲ ಬರೆದು ಬೇಜಾರಾಗಿ, ಹಿಂದೂಪುರದಲ್ಲಿ ಅದಕ್ಕೊಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡು ಬಂದಿದ್ದೆ. ಒತ್ತಿದರೆ ಆಯಿತು. ಆ ಸ್ಟಾಂಪಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತಿದ್ದ ಒಂದು ಚಿಕ್ಕ ಚಿನ್ನದ ಗಣಿಯಲ್ಲಿ ನಾನು ಕೆಮಿಸ್ಟು. ಮನೆ ಹಿಂದೂಪುರದಲ್ಲಿ. ಶನಿವಾರ ಸಂಜೆ ಹೋಗಿ ಸೋಮವಾರ ಬೆಳಿಗ್ಗೆ ಬರುವವನು. ವಯಸ್ಸು ನಲವತ್ತಾರು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಪಾವಗಡದಲ್ಲಿ ಬಸ್ಸಿಳಿದು ಬೂತಿನಿಂದ ಮನೆಗೆ ಫೋನ್ ಮಾಡುವ ಪೈಕಿ. ಒಂದು ಸಲ ನನ್ನ ಹೆಂಡತಿ, "ಗ್ಯಾಸ್ ಮೇಲೆ ಅನ್ನ ಬೇಯ್ತಾ ಇದೆ, ಆಫ್ ಮಾಡ್ಲಾ?" ಎಂದು ಕೇಳಿ ಫೋನಿಟ್ಟಿದ್ದಳು. ಗಣಿಯಲ್ಲಿ ನನ್ನನ್ನು 'ಅನುಮಾನಂ ಸಾರ್' ಅನ್ನುತ್ತಿದ್ದರು. ಟ್ಯಾಂಕ್ ತುಂಬಿ ಹೊರಚೆಲ್ಲಿದರೆ, ಸಿಡಿಲು ಬಡಿದರೆ, ಕೆರೆಯ ಕಟ್ಟೆ ಇಲಿ ಕೊರೆದರೆ ಎಂದು ದಿನಕ್ಕೊಂದು ಅನುಮಾನ ಹೊತ್ತು ಮ್ಯಾನೇಜರರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಇಷ್ಟೆಲ್ಲ ಹೆದರಿದವನು ಹೆದರಬೇಕಾಗಿದ್ದ ಒಂದಕ್ಕೆ ಮಾತ್ರ ಹೆದರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಕದಡಿ, ಚಿನ್ನವನ್ನು ಬಿಡಿಸಿಕೊಂಡ ಮೇಲೆ ಉಳಿಯುವುದು ಬೂದು ಬಣ್ಣದ ರಾಡಿ. ಅದಕ್ಕೆ ಬ್ಲೀಚಿಂಗ್ ದ್ರಾವಣ ಹಾಕಿ ವಿಷದ ಬಲ ಮುರಿದು, ಪಂಪಿನಿಂದ ಕಬ್ಬಿಣದ ಪೈಪಿಗೆ ತಳ್ಳುತ್ತಿದ್ದೆವು. ಪೈಪು ಸುಮಾರು ಎರಡು ಕಿಲೋಮೀಟರು ಹೋಗಿ, ಸುತ್ತ ಕಟ್ಟೆ ಹಾಕಿದ ಒಂದು ಕೆರೆಗೆ ರಾಡಿಯನ್ನು ಬಿಡುತ್ತಿತ್ತು. ಬ್ಲೀಚಿಂಗಿಗೆ ತಪ್ಪಿಸಿಕೊಂಡ ಚೂರುಪಾರು ವಿಷ ಅಲ್ಲಿ ಬಿಸಿಲಿಗೆ ಸಾಯುತ್ತದೆ. ರಾಡಿಯೆಂದರೆ ಉಪ್ಪುಕಾಗದ ಇದ್ದ ಹಾಗೆ. ಪೈಪಿನ ಹೊಟ್ಟೆಯನ್ನು ಒಳಗಿನಿಂದ ಉಜ್ಜುತ್ತಲೇ ಇರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಬೋಲ್ಟು ಸಡಿಲಿಸಿ, ಒಂದೊಂದು ಪೈಪನ್ನೂ ಸುತ್ತಿನ ಮೂರನೇ ಒಂದು ಭಾಗ ತಿರುಗಿಸಿ ಮತ್ತೆ ಬಿಗಿಯುತ್ತಿದ್ದೆವು, ಸವೆತ ಒಂದೇ ಕಡೆ ಬೀಳದಿರಲೆಂದು. ತಿರುಗಿಸದೆ ಬಿಟ್ಟಿದ್ದು ಹಳ್ಳದ ಮರಳಿನಡಿ ಹೂತಿದ್ದ ತುಂಡೊಂದನ್ನೇ. ಅಗೆಯಬೇಕಲ್ಲ ಎಂದು.

ಪೈಪು ಹಳ್ಳ ದಾಟುವ ಆ ದಾಟಿನಿಂದ ಅರ್ಧ ಮೈಲಿ ಕೆಳಗೆ ಒಂದು ಊರು. ಊರಿನ ಬೋರಿನ ನೀರು ಉಪ್ಪು, ಹಲ್ಲು ಹಳದಿಗಟ್ಟಿಸುವ ನೀರು. ಬಟ್ಟೆಗೆ, ಪಾತ್ರೆಗೆ ಆಗುತ್ತಿತ್ತು. ಕುಡಿಯಲಿಕ್ಕೆ ಹೆಂಗಸರು ಬೆಳಕು ಹರಿಯುವ ಹೊತ್ತಿಗೆ ಹಳ್ಳಕ್ಕೆ ಬಂದು, ಮರಳಲ್ಲಿ ತೋಳುದ್ದ ಗುಂಡಿ ತೋಡಿ, ನೀರು ಒಸರುವ ತನಕ ಕೂತು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಕೊಂಡು ಹೋಗುತ್ತಿದ್ದರು. ಚಲುಮೆ ಅನ್ನುತ್ತಾರೆ. ಹೋಗುವಾಗ ಕುರಿ ಬಾಯಿ ಹಾಕದಿರಲೆಂದು ಮೇಲೆ ಜಾಲಿಮುಳ್ಳು ಮುಚ್ಚುತ್ತಾರೆ. ನಾನು ಹತ್ತು ಗಂಟೆಗೆ ಬಾಟಲಿ ಹಿಡಿದು ಹೋದಾಗ ಹಳ್ಳದಲ್ಲಿ ಅಲ್ಲಲ್ಲಿ ಮುಳ್ಳಿನ ಕಂತೆಗಳು ಬಿದ್ದಿರುತ್ತಿದ್ದವು. ನೋಡಿದ್ದೆ. ನಾನೂ ಈ ಸೀಮೆಯವನೇ, ರೊದ್ದಂ ಹತ್ತಿರ ಅಜ್ಜಿಯ ಊರಲ್ಲಿ ಚಲುಮೆ ನೀರು ಕುಡಿದು ಬೆಳೆದವನೇ. ಆದರೂ ಆ ಮುಳ್ಳು ಏನೆಂದು ಕೇಳಿಕೊಳ್ಳಲಿಲ್ಲ. ವಾಪಸು ಬಂದು ಸ್ಟಾಂಪು ಒತ್ತಿದೆ. ರಿಜಿಸ್ಟರಿನಲ್ಲಿ ಹಳ್ಳವೆಂದರೆ ಹರಿಯುವ ನೀರು, ಮರಳೊಳಗಿನದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

ಆ ಬೇಸಿಗೆಯ ಮೊದಲಲ್ಲಿ, ದಾಟಿನ ಹತ್ತಿರ ಎರಡು ಕುರಿ ಸತ್ತವು. ಕುರಿಯವನು ನನ್ನ ಮುಂದೆಯೇ, ಕೊಯ್ದ ಹೊಲದಲ್ಲಿ ಮತ್ತೆ ಚಿಗುರಿದ ಜೋಳ ಮೇಯ್ದವು, ಅದಕ್ಕೇ ಹೊಟ್ಟೆ ಉಬ್ಬಿ ಹೋದವು ಅಂದ. ಎಳೆ ಜೋಳದ ಚಿಗುರು ಕುರಿಗೆ ವಿಷವೆಂದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ತಲೆದೂಗಿದೆ. ಅಷ್ಟೇ ಅಲ್ಲ, ಆ ಚಿಗುರಿನಲ್ಲಿರುವುದೂ ಸೈನೈಡೇ ಎಂದು ಅವನಿಗೆ ಪಾಠ ಹೇಳಿದೆ. ಹೇಳಿ, ನಮ್ಮ ಪೈಪನ್ನು ದಾಟಿಕೊಂಡು ಊಟಕ್ಕೆ ಹೋದೆ.

ಪೈಪಿನುದ್ದ ದಿನಕ್ಕೆರಡು ಸಲ ನಡೆದು ನೋಡುವವನೊಬ್ಬನಿದ್ದ. ಆ ಊರಿನವನೇ, ನಲವತ್ತರ ಆಸುಪಾಸು. ಕೈಯಲ್ಲಿ ಸ್ಪ್ಯಾನರು, ಸೊಂಟದಲ್ಲಿ ಉದ್ದಕ್ಕೆ ಸೀಳಿದ ಸೈಕಲ್ ಟ್ಯೂಬಿನ ಸುರುಳಿ. ಎಲ್ಲಾದರೂ ಪೈಪು ಬೆವರಿದರೆ ಟ್ಯೂಬನ್ನು ಎಳೆದೆಳೆದು ಸುತ್ತಿ ಬಿಗಿದನೆಂದರೆ ಹನಿ ಆಚೆ ಬರದು. ಸೋರಿದ್ದನ್ನು ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವೇನೋ ಇತ್ತು. ಆದರೆ ಬರೆದರೆ ಪಂಪು ನಿಲ್ಲುತ್ತದೆ, ಬರೆದವನು ಬೆಳಗಿನ ಮೀಟಿಂಗಿನಲ್ಲಿ ಎಲ್ಲರೆದುರು ನಿಂತು ಯಾಕೆ ಸೋರಿತೆಂದು ಉತ್ತರ ಕೊಡಬೇಕು. ಒಂದು ಸಲ ಬರೆದು ಅವನು ನಿಂತಿದ್ದ. ಮ್ಯಾನೇಜರರು ಮಧ್ಯಾಹ್ನದ ತನಕ ಕೂರಿಸಿರಲಿಲ್ಲ. ಆಮೇಲೆ ನಮ್ಮ ಪೈಪು ಪುಸ್ತಕದಲ್ಲಿ ಎಂದೂ ಸೋರಲಿಲ್ಲ.

ಉಗಾದಿ ಕಳೆದ ವಾರ, ಬಿಸಿಲು ಏರುವ ಮೊದಲೇ ಕೆರೆ ಕಟ್ಟೆ ನೋಡಿ ಬರೋಣವೆಂದು ಹೊರಟವನು ದಾಟಿನ ಹತ್ತಿರ ಒಬ್ಬ ಹೆಂಗಸನ್ನು ನೋಡಿದೆ. ಬಿಂದಿಗೆ ಹೊತ್ತು ಕೆಳಗಿನ ಚಲುಮೆಗಳನ್ನೆಲ್ಲ ಬಿಟ್ಟು ಪೈಪು ದಾಟಿ ಮೇಲಕ್ಕೆ ಹೋಗುತ್ತಿದ್ದಳು. ಸುಮ್ಮನೆ ಮಾತಿಗೆಂದು, "ಏನಮ್ಮಾ, ಊರ ಹತ್ರಾನೇ ಇಷ್ಟು ಚಲುಮೆ ಇದಾವೆ, ಅಷ್ಟು ದೂರ ಹೋಗ್ತೀಯಲ್ಲ?" ಅಂದೆ.

"ನಮ್ಮನೆಯೋರು ಪೈಪ್ ದಾಟಿ ಮೇಲ್ಗಡೆ ತೋಡು ಅಂದವ್ರೆ ಸಾರು. ಕೆಳ್ಗಡೇದು ಸೀ ಇಲ್ವಂತೆ. ನನ್ ನಾಲ್ಗೆಗೆ ಎಲ್ಡೂ ಒಂದೇ. ಕಾಲ್ ನೋಯೋದು ನಂದಲ್ವಾ, ಹೇಳೋರಿಗೇನು."

"ನಿಮ್ಮನೆಯವರು ಯಾರಮ್ಮ?"

ಅವಳು ಗಲ್ಲದಿಂದ ದಂಡೆಯ ಮೇಲಿನ ಪೈಪನ್ನು ತೋರಿಸಿದಳು. "ಅದೇ, ಇದನ್ನ ಕಾಯ್ತಾರಲ್ಲ, ಅವ್ರೇ."

ಅವಳು ನಗುತ್ತ ಹೋದಳು. ನಾನು ಮರಳಿನ ಮೇಲೆ ನಿಂತೇ ಇದ್ದೆ. ಮುಳ್ಳಿನ ಕಂತೆ ಎಣಿಸಿದೆ, ಊರಿನವರೆಗೆ ಹದಿಮೂರು. ಇಡೀ ಬದುಕಿನಲ್ಲಿ ಸುಳ್ಳು ಸುಳ್ಳೇ ಹೆದರಿ ಹೆದರಿ, ನಿಜವಾದ ಹೆದರಿಕೆ ಬಂದಾಗ ಅದು ಹೇಗಿರುತ್ತದೆಂದು ಆಗ ಗೊತ್ತಾಯಿತು. ಎದೆ ಹೊಡೆದುಕೊಳ್ಳಲಿಲ್ಲ. ಕಾಲು ತಣ್ಣಗಾಯಿತು, ಅಷ್ಟೇ.

ವಾಪಸು ಹೋಗಿ ಬಾಟಲಿ ತಂದೆ. ಕೆಳಗಿನ ಮೂರು ಚಲುಮೆಯಿಂದ ಒಂದೊಂದು, ಆಕೆ ತೋಡಿದ್ದರಿಂದ ಒಂದು, ದಾಟಿನ ಪಕ್ಕ ನಾನೇ ಕೈಯಲ್ಲಿ ತೋಡಿದ ಗುಂಡಿಯಿಂದ ಒಂದು. ಸೈನೈಡ್ ಬಾಟಲಿಯಲ್ಲೇ ಆರಿಹೋಗದಿರಲೆಂದು ಎಲ್ಲಕ್ಕೂ ಕಾಸ್ಟಿಕ್ ಹರಳು ಹಾಕಿ ಮುಚ್ಚಿದೆ. ನಮ್ಮ ಲ್ಯಾಬಿನಲ್ಲಿದ್ದ ಪರೀಕ್ಷೆ ಪ್ಲಾಂಟಿನ ಗಟ್ಟಿ ದ್ರಾವಣಕ್ಕೆ ಮಾಡಿದ್ದು; ಮನುಷ್ಯ ಕುಡಿಯುವ ನೀರಿನಲ್ಲಿ ಎಷ್ಟಿದ್ದರೆ ಕೆಟ್ಟದ್ದೋ ಅಷ್ಟು ಕಡಿಮೆ ಅದರ ಕಣ್ಣಿಗೆ ಬೀಳದು. ನಾನೇ ತೋಡಿದ ಗುಂಡಿಯ ನೀರು ಮಾತ್ರ ಅದರ ಕಣ್ಣಿಗೂ ಮಸುಕಾಗಿ ಬಿತ್ತು. ಉಳಿದದ್ದು ತಿಳಿಯಬೇಕಾದರೆ ಹಿಂದೂಪುರದಲ್ಲಿದ್ದ ಖಾಸಗಿ ಲ್ಯಾಬಿಗೇ ಹೋಗಬೇಕು.

ಮ್ಯಾನೇಜರರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಪೂರ್ತಿ ಕೇಳಿದರು. ಮಸುಕೆಂದರೆ ಎಷ್ಟು ಎಂದು ಕೇಳಿದರು. ನಾನು ಮಸುಕು ಅಂದೆ. ಪಂಪಿನಿಂದ ಹೋದಷ್ಟು ಕೆರೆಗೆ ಬರುತ್ತಿದೆಯೋ ಅಳೆಯಿರಿ ಅಂದರು. ಅಳೆದೆವು. ಈ ತುದಿಯಲ್ಲಿ ತೊಟ್ಟಿ ಎಷ್ಟು ಹೊತ್ತಿಗೆ ಇಳಿಯುತ್ತದೆ, ಆ ತುದಿಯಲ್ಲಿ ಇನ್ನೂರು ಲೀಟರಿನ ಡ್ರಮ್ಮು ಎಷ್ಟು ಹೊತ್ತಿಗೆ ತುಂಬುತ್ತದೆ, ಕೈಗಡಿಯಾರ ಹಿಡಿದು ಹತ್ತು ಸಲ. ಸ್ವಲ್ಪ ವ್ಯತ್ಯಾಸ ಬಂತು. ಆದರೆ ಗಡಿಯಾರ ನೋಡುವುದರಲ್ಲಿ ಆಗುವ ತಪ್ಪೂ ಅಷ್ಟೇ ಇತ್ತು. ಅವರು, "ಇದು ಸೋರಿಕೆನಾ, ನಿಮ್ಮ ಕೈ ನಡುಕಾನಾ?" ಅಂದರು. ಹಿಂದೂಪುರದ ರಿಪೋರ್ಟು ಬರಲಿ, ಮೂರು ದಿನ ತಾನೇ, ಅಲ್ಲಿಯ ತನಕ ಊರಿನವರ ಕಿವಿಗೆ ಹಾಕಬೇಡಿ, ಗಲಾಟೆಯಾಗುತ್ತದೆ ಎಂದೂ ಹೇಳಿದರು. ಖಚಿತವಾಗದೆ ಜನರನ್ನು ಹೆದರಿಸುವುದು ತಪ್ಪು ಎಂದು ನನಗೂ ಅನ್ನಿಸಿತು. ಅಷ್ಟು ಸುಲಭವಾಗಿ ಯಾಕೆ ಅನ್ನಿಸಿತು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಥರ್ಮಾಕೋಲ್ ಡಬ್ಬಿಯಲ್ಲಿ ಬಾಟಲಿ ಜೋಡಿಸಿ, ಸುತ್ತ ಐಸು ತುಂಬಿ ಗೇಟಿನ ತನಕ ಬಂದೆ. ಜೀಪು ಕಾಯುತ್ತಿತ್ತು. ಹತ್ತಲಾಗಲಿಲ್ಲ. ನಾನು ಹಿಂದೂಪುರದಲ್ಲಿ ಕೂತಿರುವ ಮೂರು ದಿನವೂ ಪಂಪು ನಡೆಯುತ್ತದೆ. ಡಬ್ಬಿಯನ್ನು ಸೀಟಿನ ಮೇಲಿಟ್ಟು ಪಂಪ್ ಹೌಸಿಗೆ ನಡೆದೆ.

ಪಂಪು ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಅರ್ಧ ಗಂಟೆ ಶುದ್ಧ ನೀರು ಬಿಟ್ಟು ಪೈಪು ತೊಳೆಯಬೇಕು. ಇಲ್ಲದಿದ್ದರೆ ಒಳಗಿನ ರಾಡಿ ಕೂತು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಆದರೆ ಪೈಪು ಒಡೆದಿದ್ದರೆ ಆ ತೊಳೆಯುವ ನೀರು ಎಲ್ಲವನ್ನೂ ಬಳಿದುಕೊಂಡು ಅದೇ ಮರಳಿಗೆ ಇಳಿಯುತ್ತದೆ. ಇನ್ನೊಂದು ಮಾತು: ತೊಳೆದು ನಿಲ್ಲಿಸಿದ ಪಂಪನ್ನು ನಾನು ಬೆನ್ನು ತಿರುಗಿಸಿದ ಕೂಡಲೇ ಯಾರು ಬೇಕಾದರೂ ಮತ್ತೆ ಹಾಕಬಹುದು.

ಆಪರೇಟರಿಗೆ ನಿಲ್ಲಿಸು ಅಂದೆ. ಅವನು ನೀರಿನ ವಾಲ್ವಿಗೆ ಕೈ ಹಾಕಿದ. ಅದು ಬೇಡ ಅಂದೆ. "ತೊಳೀದೆ ನಿಲ್ಸಿದ್ರೆ ಲೈನ್ ಪೂರ್ತಿ ಕಲ್ಲಾಗೋಯ್ತದೆ ಸಾರ್," ಅಂದ, ನಾನು ಮರೆತಿದ್ದೇನೆಂದು ತಿಳಿದು. ಗೊತ್ತು ಅಂದೆ. ಅವನು ನನ್ನ ಮುಖವನ್ನೇ ನೋಡುತ್ತ ಸ್ವಿಚ್ಚು ಇಳಿಸಿದ. ಅದಿರು ಅರೆಯುವ ಮಿಲ್ಲಿನಿಂದ ಬರುವ ರಾಡಿಯನ್ನು ಪ್ಲಾಂಟಿನ ಒಳಗಿದ್ದ ತುರ್ತು ತೊಟ್ಟಿಗೆ ತಿರುಗಿಸಿದೆವು. ಅದು ತುಂಬಿದರೆ ಮಿಲ್ಲೂ ನಿಲ್ಲಬೇಕು. ಅಂಥ ಕೆಲಸ ಮಾಡಿದವನು ತಲೆಯೆತ್ತಿ ನಡೆದು ಬರಬೇಕೇನೋ. ನಾನು ಕಕ್ಕಸಿಗೆ ಹೋಗಿ ಹತ್ತು ನಿಮಿಷ ಕೂತು, ಆಮೇಲೆ ಜೀಪು ಹತ್ತಿದೆ.

ಕಲ್ಯಾಣದುರ್ಗದಲ್ಲಿ ಬಸ್ಸು ಹಿಡಿಯುವ ಹೊತ್ತಿಗೆ ಜೀಪಿನ ಡ್ರೈವರನ ಮೊಬೈಲಿಗೆ ಮ್ಯಾನೇಜರರ ಫೋನು ಬಂತು. ಅವರು ಬೈಯಲಿಲ್ಲ. ಅದು ಇನ್ನೂ ಕಷ್ಟ. "ಎರಡು ಕಿಲೋಮೀಟರ್ ಪೈಪು ಕಲ್ಲು ಮಾಡಿಟ್ಟು ಹೋಗಿದ್ದೀರಿ. ನಿಮ್ಮ ಅನುಮಾನಂ ಸುಳ್ಳಾದ್ರೆ ಏನ್ರೀ ಮಾಡ್ತೀರಿ?" ಅಂದರು.

"ಸುಳ್ಳಾಗ್ಲಿ ಅಂತಾನೇ ನಾನೂ ಬೇಡ್ಕೊಳ್ತಿದ್ದೀನಿ ಸಾರ್," ಅಂದೆ.

ಪಾವಗಡದಲ್ಲಿ ಬಸ್ಸು ಬದಲಾಯಿಸಿದೆ. ಪಕ್ಕದಲ್ಲಿ ಕೂತ ಮುದುಕಪ್ಪ ಡಬ್ಬಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿ, "ಏಮಯ್ಯಾ, ಚೇಪಲಾ?" ಎಂದು ಕೇಳಿದ. ಮೀನಲ್ಲ, ನೀರು ಅಂದೆ. ನೀರನ್ನು ಐಸಲ್ಲಿಟ್ಟುಕೊಂಡು ಹೋಗುವವನನ್ನು ಅವನು ಮಡಕಶಿರಾ ಬರುವ ತನಕ ತಿರುತಿರುಗಿ ನೋಡಿದ.

ಮೂರು ದಿನ ಹಿಂದೂಪುರದಲ್ಲಿದ್ದೆ. ಉಂಡದ್ದು ನೆನಪಿಲ್ಲ. ಮೂರನೆಯ ದಿನ ಲ್ಯಾಬಿನ ಕೆಮಿಸ್ಟು, ನನಗಿಂತ ಚಿಕ್ಕವರು, ಹಾಳೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. ಮೇಲಿನ ಚಲುಮೆಯಲ್ಲಿ ಏನೂ ಇಲ್ಲ. ದಾಟಿನ ಪಕ್ಕದ ಗುಂಡಿಯಲ್ಲಿ ಬಹಳ. ಕೆಳಗಿನ ಮೂರರಲ್ಲಿ ಎರಡರಲ್ಲಿ ಮಿತಿ ಮೀರಿತ್ತು. ಊರಿಗೆ ಹತ್ತಿರದ ಕೊನೆಯದು ಮಿತಿಯೊಳಗೆ, ಆದರೆ ಇತ್ತು. ಅವರು, "ಇದನ್ನ ಯಾರಾದ್ರೂ ಕುಡೀತಿದ್ದಾರಾ?" ಎಂದು ಕೇಳಿದರು. ನಾನು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡೆ.

ಸಿಕ್ಕ ಬಸ್ಸು ಹತ್ತಿ ಮಧ್ಯಾಹ್ನ ಸರಿದ ಮೇಲೆ ಊರಿಗೆ ಬಂದರೆ ಬೀದಿಯ ತುದಿಯಲ್ಲೇ ತಮಟೆ ಕೇಳಿತು. ಸಾವಿನ ತಮಟೆ. ಪೈಪು ಕಾಯುವವನ ಚಿಕ್ಕಮ್ಮ. ಅವನ ಮನೆಯ ಪಕ್ಕದ ಮನೆ. ಎಪ್ಪತ್ತು ದಾಟಿದ ಮುದುಕಿ. ಬೆಳಿಗ್ಗೆ ಹಳ್ಳದಿಂದ ಬಿಂದಿಗೆ ತಂದಿಟ್ಟು, ಜಗಲಿ ಮೇಲೆ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಡಾಕ್ಟರು ಬಂದು ಗುಂಡಿಗೆ ನಿಂತಿದೆ ಅಂದಿದ್ದರು. ವಯಸ್ಸಾಗಿತ್ತು, ಯಾರೂ ಇನ್ನೇನೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ. ಆ ಜನರ ನಡುವೆ ನಿಂತು, ಈ ದೇಹವನ್ನು ಪರೀಕ್ಷೆಗೆ ಕಳಿಸಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ಹಾಳೆಯಲ್ಲಿದ್ದ ಅಂಕಿಯಿಂದ ಮನುಷ್ಯ ಕೂತಲ್ಲೇ ಸಾಯುವುದಿಲ್ಲ ಎಂದು ನನ್ನ ಓದು ಹೇಳುತ್ತಿತ್ತು. ಆ ಓದಿನಲ್ಲಿ ಎಪ್ಪತ್ತು ದಾಟಿದ ಮುದುಕಿ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ, ಇನ್ನೂ ಬೆಳಕಿರುವಾಗಲೇ, ಶಾಲೆ ಮುಂದಿನ ಬೇವಿನ ಮರದಡಿ ಊರವರನ್ನು ಸೇರಿಸಿ ಹೇಳಿದೆ. ಪೈಪು ಒಡೆದಿದೆ. ಹಳ್ಳದ ಚಲುಮೆ ನೀರು ಯಾರೂ ಮುಟ್ಟಬಾರದು. ಕಂಪನಿಯಿಂದ ಟ್ಯಾಂಕರ್ ಬರುತ್ತದೆ. ನಾನು ಅಂದುಕೊಂಡಿದ್ದ ಗಲಾಟೆ ಆಗಲಿಲ್ಲ. ಒಬ್ಬಳು ಹೆಂಗಸು ಎಷ್ಟು ದಿನದಿಂದ ಎಂದು ಕೇಳಿದಳು. ಗೊತ್ತಿಲ್ಲ ಅನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಹಿಂದಿನಿಂದ, ಮಣ್ಣು ಮಾಡಿ ಬಂದ ಒದ್ದೆ ಪಂಚೆಯಲ್ಲೇ ನಿಂತಿದ್ದ ಪೈಪು ಕಾಯುವವನು, "ಸಂಕ್ರಾಂತಿಯಿಂದ," ಅಂದ.

ಎಲ್ಲರೂ ತಿರುಗಿದರು. ಅವನು ನೆಲ ನೋಡುತ್ತ ಹೇಳಿದ. ಸಂಕ್ರಾಂತಿ ಕಳೆದ ಮೇಲೆ ದಾಟಿನ ಮರಳು ಒದ್ದೆಯಾಗಿದ್ದು ಕಂಡು, ಅಗೆದು, ಟ್ಯೂಬು ಸುತ್ತಿ ಮುಚ್ಚಿದ್ದೆ, ನಿಂತಿದೆ ಅಂದುಕೊಂಡಿದ್ದೆ, ಆದರೂ ಒಂದು ಭಯ ಇತ್ತು ಅಂದ.

ಭಯ ಇದ್ದದ್ದರಿಂದಲೇ ಹೆಂಡತಿಯನ್ನು ಮೇಲಕ್ಕೆ ಕಳಿಸಿದ್ದ. ಅದನ್ನು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ಮೊದಲು ಕೇಳಿದವಳೇ ಅವನ ಹೆಂಡತಿಯ ಕಡೆ ತಿರುಗಿ, ದನಿ ಏರಿಸದೆ, "ಓ, ಅದ್ಕೇನಮ್ಮಾ ನೀನು ದಿನಾ ಪೈಪ್ ದಾಟಿ ಹೋಯ್ತಿದ್ದುದು. ನಾವು ನಿಂಗೆ ಸೊಕ್ಕು ಅನ್ಕಂಡಿದ್ವಿ ಕಣಮ್ಮ," ಅಂದಳು.

ಆ ಹೆಂಗಸು ಗಂಡನನ್ನೇ ನೋಡುತ್ತಿದ್ದಳು. "ನಂಗೇಳ್ದೋರು ಚಿಕ್ಕತ್ತೆಗೆ ಒಂದು ಮಾತೇಳ್ಬಾರ್ದಿತ್ತಾ," ಅಂದಳು. ಅಷ್ಟೇ. ಸೆರಗು ಬಾಯಿಗೆ ಹಿಡಿದುಕೊಂಡು ಮನೆಗೆ ನಡೆದಳು. ಹೆಂಗಸರು ಅವಳಿಗೆ ದಾರಿ ಬಿಟ್ಟರು. ಅವಳ ಸೆರಗು ತಾಗೀತೆಂದು ಸರಿದು ಬಿಟ್ಟ ಹಾಗಿತ್ತು.

ಮಾರನೆಯ ಬೆಳಿಗ್ಗೆ ದಾಟನ್ನು ಅಗೆದೆವು. ನಾಲ್ಕು ಆಳು, ನಾನು, ಅವನು. ಒಂದಾಳುದ್ದ ಇಳಿದ ಮೇಲೆ ಪೈಪು ಸಿಕ್ಕಿತು. ಸೈಕಲ್ ಟ್ಯೂಬು ಮೂರು ಪದರ, ಒಂದರ ಮೇಲೊಂದು ಓರೆಯಾಗಿ, ಬಾಣಂತಿಯ ಸೊಂಟದ ಕಟ್ಟಿನ ಹಾಗೆ ಅಚ್ಚುಕಟ್ಟು. ಮೇಲಿನಿಂದ ನೋಡಿದರೆ ಒಣಗಿಯೇ ಇತ್ತು. ಅಡಿಗೆ ಕೈ ಹಾಕಿದರೆ ರಬ್ಬರು ಬೆಂದ ಬದನೆಕಾಯಿಯಂತೆ ಬೆರಳಿಗೆ ಬಂತು. ಬ್ಲೀಚಿಂಗು ತಿಂದಿತ್ತು. ಕಟ್ಟು ಬಿಚ್ಚಿ ಪೈಪಿನ ಹೊಟ್ಟೆ ನೋಡಿದೆ. ಒಂದು ಗೇಣುದ್ದದ ಸೀಳು. ಅದರ ಅಂಚು ಬ್ಲೇಡಿನಷ್ಟು ತೆಳ್ಳಗೆ. ತಿರುಗಿಸಿದ್ದರೆ ಇನ್ನೂ ಎರಡು ವರ್ಷ ಬರುತ್ತಿತ್ತು.

ಆಳುಗಳು ಟೀಗೆ ಹೋದಾಗ ಗುಂಡಿಯೊಳಗೆ ನಾವಿಬ್ಬರೇ ಉಳಿದೆವು. ಅವನು ಟ್ಯೂಬಿನ ತುಂಡುಗಳನ್ನು ಒಂದು ಕಡೆ ಕೂಡಿಹಾಕುತ್ತ ಕೇಳಿದ, "ಸಾರ್, ನಮ್ಮ ಚಿಕ್ಕಮ್ಮ ಇದ್ರಿಂದೇನಾ ಹೋಗಿದ್ದು?"

"ಇರಲಾರದು ಕಣಪ್ಪ. ಇಲ್ಲ ಅಂತ ಹೇಳೋಕೂ ಆಗಲ್ಲ," ಅಂದೆ.

ಅವನು ಟ್ಯೂಬಿನ ತುಂಡೊಂದನ್ನು ಬೆರಳಲ್ಲಿ ಹಿಸುಕಿ ನೋಡಿದ. "ನಾನು ಮೂರು ತಿಂಗ್ಳು ಹೇಳ್ಲಿಲ್ಲ. ನೀವು ಮೂರು ದಿನ ಹೇಳ್ಲಿಲ್ಲ," ಅಂದ. ಜಗಳದ ದನಿ ಅಲ್ಲ. ಇಬ್ಬರೂ ಹೊರುವ ಹೊರೆಯಲ್ಲಿ ಯಾರ ಕಡೆ ಭಾರ ಎಷ್ಟು ಎಂದು ನೋಡಿದ ಹಾಗೆ. ನನ್ನ ಮೂರು ದಿನ ಅವನ ಮೂರು ತಿಂಗಳಿಗಿಂತ ಹಗುರ ಎಂದು ತೂಗಿ ತೋರಿಸುವ ತಕ್ಕಡಿ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆಮೇಲಿನದು ಕೆಲಸ. ಕೆಲಸ ನನಗೆ ಬರುತ್ತದೆ. ಕಲ್ಲಾದ ಪೈಪನ್ನು ಬಿಚ್ಚಿ ಎಸೆದು, ಬೆಸುಗೆ ಹಾಕುವ ಕಪ್ಪು ಪ್ಲಾಸ್ಟಿಕ್ ಪೈಪು ಹಾಕಿದೆವು. ಹಳ್ಳದಲ್ಲಿ ಮರಳಿನಡಿ ಹೂಳಲಿಲ್ಲ. ಕಾಂಕ್ರೀಟಿನ ಕಂಬ ನಿಲ್ಲಿಸಿ ಮೇಲಿಂದ ದಾಟಿಸಿದೆವು. ಅದರ ಹೊರಗೆ ಇನ್ನೊಂದು ದಪ್ಪ ಪೈಪಿನ ತೊಡಿಗೆ, ಒಳಗಿನದು ಸೋರಿದರೆ ಹೊರಗಿನದು ಹಿಡಿದು ದಂಡೆಯ ಮೇಲಿನ ಸಿಮೆಂಟು ಗುಂಡಿಗೆ ಬಿಡಲೆಂದು. ಗುಂಡಿ ಒದ್ದೆಯಾದರೆ ಪಂಪು ತಾನೇ ನಿಲ್ಲುವ ಹಾಗೆ ವೈರಿಂಗ್. ಮೊದಲು ಬರೀ ನೀರು ತುಂಬಿ, ಒತ್ತಡ ಏರಿಸಿ, ಗೇಜಿನ ಮುಳ್ಳು ಇಡೀ ದಿನ ಅಲ್ಲಾಡದೆ ನಿಂತ ಮೇಲೆಯೇ ರಾಡಿ ಬಿಟ್ಟಿದ್ದು. ಹಳ್ಳಕ್ಕೆ ಅಡ್ಡವಾಗಿ ಆಳದ ಕಾಲುವೆ ತೋಡಿ, ಅಲ್ಲಿ ಒಸರಿದ ನೀರನ್ನು ಎಲ್ಲ ಮಿಲ್ಲಿಗೇ ವಾಪಸು ಎತ್ತಿದೆವು. ಬೇಸಿಗೆ ಪೂರ್ತಿ ಎತ್ತಿದೆವು. ರಿಜಿಸ್ಟರಿನಲ್ಲಿ ಹೊಸ ಕಾಲಂ ಎಳೆದು 'ಮರಳೊಳಗಿನ ನೀರು' ಎಂದು ಬರೆದೆ. ಪ್ರತಿ ವಾರ ಐದು ಬಾಟಲಿ ಹಿಂದೂಪುರಕ್ಕೆ.

ವರದಿಯನ್ನೂ ನಾನೇ ಬರೆಯಬೇಕಾಯಿತು. ಟ್ಯೂಬು ಯಾರು ಕಟ್ಟಿದರು ಎಂಬ ಸಾಲನ್ನು ಬಿಟ್ಟು ನೋಡಿದೆ. ಮ್ಯಾನೇಜರರು ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸು ಕಳಿಸಿದರು. ಬರೆದೆ. ಅದರ ಕೆಳಗೆ, ಸೋರಿಕೆ ಬರೆದವನನ್ನು ಮೀಟಿಂಗಿನಲ್ಲಿ ನಿಲ್ಲಿಸುವ ಪದ್ಧತಿಯಿಂದಲೇ ಯಾರೂ ಬರೆಯುತ್ತಿರಲಿಲ್ಲ ಎಂದೂ, ಹೂತ ಪೈಪನ್ನು ತಿರುಗಿಸದೆ ಬಿಡಲು ನಾನೂ ಒಪ್ಪಿದ್ದೆ ಎಂದೂ, ಚಲುಮೆಯ ನೀರನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ ಎಂದೂ ಬರೆದೆ. ಪದ್ಧತಿ ನಿಂತಿತು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅವನ ಕೆಲಸ ಹೋಯಿತು. ಬಳ್ಳಾರಿ ಕಡೆ ಕಲ್ಲು ಕ್ವಾರಿಗೆ ಹೋದನೆಂದು ಕೇಳಿದೆ. ಹೆಂಡತಿ ಊರಲ್ಲೇ ಉಳಿದಳು. ಟ್ಯಾಂಕರಿನ ಸಾಲಿನಲ್ಲಿ ಅವಳ ಬಿಂದಿಗೆ ಯಾವಾಗಲೂ ಎಲ್ಲರಿಗಿಂತ ಹಿಂದೆ ಇರುತ್ತಿತ್ತು, ಮೊದಲು ಬಂದ ದಿನವೂ.

ಮುಂಗಾರು ಕೈಕೊಟ್ಟಿತು. ಹಿಂಗಾರಿನ ಮೊದಲಲ್ಲಿ ಒಂದು ಮಳೆ ಜೋರಾಗಿ ಬಂದು ಹಳ್ಳ ಎರಡು ದಿನ ದಂಡೆ ತುಂಬಿ ಹರಿಯಿತು. ಅದಾದ ಮೇಲೆ ಅಂಕಿಗಳು ಇಳಿದವು. ಸತತ ಮೂರು ವಾರ ಏನೂ ಸಿಗದಿದ್ದರೆ ಶುದ್ಧ ಎಂದು ನಿಯಮ ಮಾಡಿಕೊಂಡಿದ್ದೆ. ಮೂರು ವಾರ ಏನೂ ಸಿಗಲಿಲ್ಲ. ಅನುಮಾನ ಪಟ್ಟು ಇನ್ನೂ ಮೂರು ವಾರ ಕಳಿಸಿದೆ. ಆಗಲೂ ಇಲ್ಲ. ಊರಿನ ಬೋರಿನ ನೀರಿಗಿಂತ, ಟ್ಯಾಂಕರಿನ ನೀರಿಗಿಂತ ಈಗ ಆ ಚಲುಮೆಯ ನೀರೇ ಒಳ್ಳೆಯದಿತ್ತು.

ಆರು ಹಾಳೆಯನ್ನೂ ಹಿಡಿದು ಒಂದು ಬೆಳಿಗ್ಗೆ ಟ್ಯಾಂಕರಿನ ಹತ್ತಿರ ಹೋಗಿ ಹೆಂಗಸರಿಗೆ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿ ಬಿಂದಿಗೆ ಮುಂದಕ್ಕೆ ಸರಿಸಿದರು. ಯಾರೂ ಸಾಲು ಬಿಡಲಿಲ್ಲ. ಕೊನೆಯಲ್ಲಿ ನಿಂತಿದ್ದವಳು ಮಾತ್ರ ಬಿಂದಿಗೆ ಎತ್ತಿಕೊಂಡು, "ನಡೀರಿ ಸಾರು, ನಾ ಬತ್ತೀನಿ," ಅಂದಳು. ಉಳಿದವರು ನಾವು ಹೋಗುವುದನ್ನು ನೋಡುತ್ತ ನಿಂತರು. ಇವಳು ಕೆಳಗಿನ ಚಲುಮೆಯ ನೀರು ತಂದು ಊರ ಮಧ್ಯೆ ಕುಡಿದರೆ ಏನೋ ಒಂದು ತೀರುತ್ತದೆ ಎಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವಳು ಮೇಲಕ್ಕೆ ಹೋಗಲಿಲ್ಲ. ದಾಟಿನಿಂದ ಕೆಳಗೆ, ಚಿಕ್ಕತ್ತೆ ತೋಡುತ್ತಿದ್ದ ಜಾಗಕ್ಕೇ ಹೋಗಿ ಮಂಡಿಯೂರಿ ಮರಳು ತೆಗೆದಳು. ಎರಡೂ ಕೈಯಿಂದ, ಬೇಗ ಬೇಗ. ನೀರು ಒಸರಿತು. ಮೊದಲು ಕದಡಿದ್ದನ್ನು ಮೂರು ನಾಲ್ಕು ಸಲ ಮೊಗೆದು ಚೆಲ್ಲಿದಳು. ಆಮೇಲೆ ಅದು ತಿಳಿಯಾಗಿ, ಗುಂಡಿಯ ತಳದ ಒಂದೊಂದು ಮರಳ ಕಣವೂ ಕಾಣುವ ಹಾಗೆ ನಿಂತಿತು. ಅವಳು ತೆಂಗಿನ ಚಿಪ್ಪಿನ ತುಂಬ ಮೊಗೆದು, ಎರಡೂ ಕೈಯಲ್ಲಿ ನನಗೆ ಕೊಟ್ಟಳು. "ಮೊದ್ಲು ನೀವು ಕುಡೀರಿ ಸಾರು. ಆಮೇಲೆ ನಾನು," ಅಂದಳು.

ನಾನು ತೆಗೆದುಕೊಂಡೆ. ಆ ನೀರಿನ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಆರು ಹಾಳೆ ಜೇಬಿನಲ್ಲಿದ್ದವು. ಚಿಪ್ಪನ್ನು ಬಾಯಿಗೆ ತಂದೆ. ತುಟಿಗೆ ತಾಗುವ ಮೊದಲು ಒಂದು ಕ್ಷಣ ಮೂಗಿನ ಹತ್ತಿರ ಹಿಡಿದು ಮೂಸಿದೆ. ಬೇಕೆಂದು ಮಾಡಿದ್ದಲ್ಲ. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ಯಾವ ಬಾಟಲಿ ತೆರೆದರೂ ಮಾಡಿದ್ದನ್ನೇ ಕೈ ಮಾಡಿತು. ಆಮೇಲೆ ಪೂರ್ತಿ ಕುಡಿದೆ. ತಣ್ಣಗಿತ್ತು, ಸಿಹಿಯಾಗಿತ್ತು. ಇನ್ನೊಂದು ಚಿಪ್ಪು ಕೊಡು ಎಂದು ಕೈ ಚಾಚಿದೆ.

ಅವಳು ಕೊಡಲಿಲ್ಲ. ನನ್ನ ಕೈಯಿಂದ ಖಾಲಿ ಚಿಪ್ಪನ್ನು ತೆಗೆದುಕೊಂಡು ಸೀರೆಯ ಅಂಚಿನಲ್ಲಿ ಒರೆಸಿದಳು.

"ನಾವು ಈ ನೀರ್ನ ಯಾವತ್ತೂ ಮೂಸ್ನೋಡಿ ಕುಡ್ದೋರಲ್ಲ ಸಾರು," ಅಂದಳು.

ನಾನು ಏನೇನೋ ಹೇಳಿದೆ. ಅಭ್ಯಾಸ ಅಂದೆ, ಹಾಳೆ ತೆಗೆದು ತೋರಿಸಿದೆ, ನಾನೇ ಬಗ್ಗಿ ಬೊಗಸೆಯಲ್ಲಿ ಮೊಗೆದು ಮತ್ತೆ ಮತ್ತೆ ಕುಡಿದೆ. ನನ್ನ ಅಂಗಿಯೆಲ್ಲ ಒದ್ದೆಯಾಯಿತು. ಅವಳು ತಡೆಯಲಿಲ್ಲ. ನಾನು ಕುಡಿದು ಮುಗಿಯುವ ತನಕ, ಮನೆಗೆ ಬಂದವರಿಗೆ ಕಾಯುವ ಹಾಗೆ ಕಾದಳು. ನಾನು ಎದ್ದ ಮೇಲೆ ಮಂಡಿಯೂರಿ ತೆಗೆದ ಮರಳನ್ನೆಲ್ಲ ಎರಡೂ ಕೈಯಿಂದ ಗುಂಡಿಗೆ ತಳ್ಳಿ, ಅಂಗೈಯಿಂದ ತಟ್ಟಿ ಸಮ ಮಾಡಿದಳು. ಆಮೇಲೆ ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು, ಟ್ಯಾಂಕರ್ ಹೋಗಿಬಿಟ್ಟೀತೆಂದು ಬೇಗ ಬೇಗ ಊರ ಕಡೆ ನಡೆದಳು.